ಬೀಳುವ ಕನಸು, ಆಳುವ ಕನಸು



ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಗದ್ದೆ, ಒಂದಿಷ್ಟು ಕಾಫಿ, ಮೆಣಸು, ಇಷ್ಟು ನನ್ನ ಬದುಕು. ಮದುವೆ, ಹಬ್ಬ, ಜಾತ್ರೆ ಬಂದರೆ ಪದ ಹಾಡುತ್ತೇನೆ. ಮನಸ್ಸಿನ ವಿಷಯ ಬರೆಯುವಷ್ಟು ಪಂಡಿತ ನಾನಲ್ಲ. ಆದರೆ ಕನಸಿಗೆ ಪಾಂಡಿತ್ಯ ಬೇಕಾಗಿಲ್ಲ, ತಲೆ ಇಟ್ಟು ಮಲಗಿದವರಿಗೆಲ್ಲ ಬೀಳುತ್ತದೆ. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಈಗ ಕಾಲೇಜಿಗೆ ಹೋಗುವ ಮಕ್ಕಳು ಮೊಬೈಲು ನೋಡಿ ಒಂದು ಅಭ್ಯಾಸ ಕಲಿಯುತ್ತಿದ್ದಾರೆ. ಕನಸು ಕಾಣುತ್ತಿರುವಾಗಲೇ, ನಿದ್ದೆಯ ಒಳಗೇ, 'ಇದು ಕನಸು' ಅಂತ ತಿಳಿದುಕೊಳ್ಳುವುದು. ತಿಳಿದ ಮೇಲೆ ಬೇಕಾದ ಹಾಗೆ ಅದನ್ನು ತಿರುಗಿಸುವುದು. ಇಂಗ್ಲಿಷಿನಲ್ಲಿ ಇದಕ್ಕೆ ಲೂಸಿಡ್ ಡ್ರೀಮಿಂಗ್ ಅನ್ನುತ್ತಾರೆ. ನಾವು ಎಚ್ಚರದ ಕನಸು ಅನ್ನೋಣ. ವಾಚನಾಲಯದಲ್ಲಿ ಇದರ ಮಾತು ಬಂದಾಗ ಒಬ್ಬ ಹುಡುಗ ಕೇಳಿದ: "ದೊಡ್ಡಪ್ಪ, ಇದನ್ನು ಒಂದು ಸಲ ಕಲಿತರೆ ಮನಸ್ಸು ಮತ್ತೆ ಮೊದಲಿನ ಹಾಗೆ ಆಗೋದೇ ಇಲ್ವಂತೆ, ನಿಜವಾ?" ಕೆಲವರು ನಕ್ಕರು. ನನಗೆ ಅದು ನಗುವ ಪ್ರಶ್ನೆ ಅನ್ನಿಸಲಿಲ್ಲ. ಮೇಷ್ಟ್ರೊಬ್ಬರು ಪುಸ್ತಕ, ಪತ್ರಿಕೆಗಳಿಂದ ಓದಿ ಹೇಳಿದ್ದನ್ನೂ ನಾನು ಬದುಕಿನಲ್ಲಿ ಕಂಡದ್ದನ್ನೂ ಸೇರಿಸಿ ಉತ್ತರ ಹುಡುಕುತ್ತೇನೆ.

ಮೊದಲು ನಮ್ಮ ಮಾತನ್ನೇ ನೋಡಿ. ಕನ್ನಡದಲ್ಲಿ 'ಕನಸು ಬಿತ್ತು' ಅನ್ನುತ್ತೇವೆ. ಮಳೆ ಬಿತ್ತು, ಮಂಜು ಬಿತ್ತು ಅನ್ನುವ ಹಾಗೆ. ಅದು ಮೇಲಿಂದ ಬರುವುದು, ನಮ್ಮ ಕೈಯಲ್ಲಿ ಇಲ್ಲದ್ದು. 'ಕನಸು ಕಂಡೆ' ಅಂತಲೂ ಅನ್ನುತ್ತೇವೆ. ಅಲ್ಲಿ ನಮಗೆ ಕಣ್ಣಿನ ಕೆಲಸ ಮಾತ್ರ. 'ಕನಸು ಕಟ್ಟಿದೆ' ಅಂದರೆ ಅದು ಹಗಲಿನ ಮಾತು, ಮನೆ ಕಟ್ಟಬೇಕು, ಮಗಳನ್ನು ನರ್ಸಿಂಗ್ ಓದಿಸಬೇಕು ಅಂತ ಆಸೆಪಡುವುದು. 'ಕನಸು ಆಳಿದೆ' ಅಂತ ಮಾತ್ರ ನಮ್ಮ ಹಿರಿಯರು ಯಾರೂ ಹೇಳಿದ್ದು ಕೇಳಿಲ್ಲ. ಹುಡುಗರು ಕಲಿಯಲು ಹೊರಟಿರುವುದು ಇದನ್ನೇ. ಕನಸಿನಲ್ಲಿ ಎಚ್ಚರ ಇರುವುದು ಒಂದು, ಕನಸನ್ನು ಆಳುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಇಟ್ಟುಕೊಂಡು ಓದಬೇಕು ಅಂತ ಕೇಳಿಕೊಳ್ಳುತ್ತೇನೆ.

ಇದು ಸುಳ್ಳು ಕಥೆ ಅಂತ ಯಾರಾದರೂ ಅಂದರೆ, ಅಲ್ಲ. ಈ ಹೆಸರನ್ನು 1913ರಲ್ಲಿ ಫ್ರೆಡರಿಕ್ ವಾನ್ ಈಡನ್ ಅನ್ನುವ ಡಚ್ ವೈದ್ಯರೊಬ್ಬರು ತಮ್ಮ ಕನಸುಗಳ ಬಗ್ಗೆ ಬರೆಯುವಾಗ ಬಳಸಿದರು. 1953ರಲ್ಲಿ ಅಮೆರಿಕದ ಶಿಕಾಗೋದಲ್ಲಿ, ಮಲಗಿದವರ ಕಣ್ಣುಗುಡ್ಡೆ ರೆಪ್ಪೆಯ ಒಳಗೇ ಬೇಗಬೇಗ ಓಡಾಡುವ ಹೊತ್ತು ಒಂದಿದೆ ಅಂತ ಕಂಡುಹಿಡಿದರು. ಅದಕ್ಕೆ ರೆಮ್ ನಿದ್ದೆ ಅನ್ನುತ್ತಾರೆ. ಹೆಚ್ಚಿನ ಕನಸು ಬೀಳುವುದು ಆಗಲೇ. ಸುಮಾರು ಒಂದೂವರೆ ಗಂಟೆಗೊಮ್ಮೆ ಈ ಹೊತ್ತು ಬಂದು ಹೋಗುತ್ತದೆ, ಬೆಳಗಾಗುತ್ತ ಬಂದ ಹಾಗೆ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ. ನಿಜವಾಗುತ್ತದೋ ಇಲ್ಲವೋ, ಆ ಹೊತ್ತಿನ ಕನಸು ಜಾಸ್ತಿ, ನೆನಪಿರುವುದೂ ಜಾಸ್ತಿ. ಆಗ ಕೈಕಾಲು ಸಡಿಲವಾಗಿ ಬಿದ್ದಿರುತ್ತವೆ, ಕಣ್ಣು ಮಾತ್ರ ಆಡುತ್ತದೆ.

ಆ ಕಣ್ಣಿನಿಂದಲೇ ಸಾಕ್ಷಿ ಸಿಕ್ಕಿತು. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಅನ್ನುವವರು ಒಬ್ಬನನ್ನು ಯಂತ್ರಕ್ಕೆ ಜೋಡಿಸಿ ಮಲಗಿಸಿದರು. 'ಕನಸು ಅಂತ ಗೊತ್ತಾದಾಗ ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸು' ಅಂತ ಮೊದಲೇ ಮಾತಾಗಿತ್ತು. ನಿದ್ದೆಯ ಒಳಗಿಂದ ಆತ ಹಾಗೇ ಸನ್ನೆ ಕೊಟ್ಟ. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಬರ್ಜ್ ಇದನ್ನೇ ಇನ್ನೂ ಗಟ್ಟಿ ಮಾಡಿ ತೋರಿಸಿದರು. 2021ರಲ್ಲಿ ನಾಲ್ಕು ದೇಶದ ವಿಜ್ಞಾನಿಗಳು ಕನಸು ಕಾಣುತ್ತಿದ್ದವರಿಗೆ ಲೆಕ್ಕ ಕೇಳಿದರು. ಎಂಟರಲ್ಲಿ ಆರು ಕಳೆದರೆ ಎಷ್ಟು ಅಂದದ್ದಕ್ಕೆ ಒಬ್ಬ ನಿದ್ದೆಯಲ್ಲೇ ಎರಡು ಸಲ ಕಣ್ಣು ಹೊರಳಿಸಿ ಉತ್ತರ ಕೊಟ್ಟ. ನಮ್ಮ ಶಾಲೆಯ ಮಕ್ಕಳು ಎಚ್ಚರದಲ್ಲೇ ತಡವರಿಸುತ್ತಾರೆ, ಆತ ನಿದ್ದೆಯಲ್ಲಿ ಹೇಳಿದ.

ಹೀಗೆ ನಿದ್ದೆಯಲ್ಲಿ ಎಚ್ಚರ ಇರುವುದನ್ನು ನಮ್ಮ ದೇಶದ ಹಿಂದಿನವರೂ ಯೋಚಿಸಿದ್ದರು. ಮಾಂಡೂಕ್ಯ ಉಪನಿಷತ್ತು ಹನ್ನೆರಡೇ ಮಂತ್ರದ್ದು. ಅದರಲ್ಲಿ ಎಚ್ಚರ, ಕನಸು, ಗಾಢನಿದ್ದೆ ಅಂತ ಮೂರು ಅವಸ್ಥೆ ಹೇಳಿ, ಮೂರನ್ನೂ ಮೀರಿದ ನಾಲ್ಕನೆಯದನ್ನು ಹೇಳುತ್ತದೆ. ನಮಗೆ ಇನ್ನೂ ಹತ್ತಿರದ್ದು ಬೈಲಕುಪ್ಪೆ. ಮಾನಂದವಾಡಿಯಿಂದ ತೋಲ್ಪೆಟ್ಟಿ, ಕುಟ್ಟ ದಾಟಿ ಕೊಡಗಿನ ಆ ಕಡೆ ಹೋದರೆ ಸಿಗುತ್ತದೆ. ನಮ್ಮಲ್ಲಿ ಬಹಳ ಜನ ಟೂರು ಹೋಗಿ ಚಿನ್ನದ ಬಣ್ಣದ ಬುದ್ಧರನ್ನು ನೋಡಿ ಬಂದಿದ್ದೀರಿ. 1960ರ ಸುಮಾರಿಗೆ ಅಲ್ಲಿ ನೆಲೆ ನಿಂತ ಟಿಬೆಟಿನವರ ಧರ್ಮದಲ್ಲಿ ಕನಸಿನ ಯೋಗ ಅಂತ ಒಂದು ಸಾಧನೆ ಇದೆ. ಸುಮಾರು ಸಾವಿರ ವರ್ಷದ ಹಿಂದಿನ ನಾರೋಪ ಅನ್ನುವ ಗುರುವಿನ ಹೆಸರಿನ ಆರು ಯೋಗಗಳಲ್ಲಿ ಅದೂ ಒಂದು. ಗುರು ಬೇಕು, ಅದಕ್ಕೆ ಮೊದಲು ಬೇರೆ ಸಾಧನೆ ಆಗಿರಬೇಕು. ಉದ್ದೇಶವೂ ಕನಸಿನಲ್ಲಿ ಹಾರಾಡಿ ಮಜಾ ಮಾಡುವುದಲ್ಲ. ಕನಸು ಹೇಗೆ ಕರಗುತ್ತದೋ ನಾವು ಗಟ್ಟಿ ಅಂತ ನಂಬಿದ ಬದುಕೂ ಹಾಗೇ ಕರಗುವಂಥದ್ದು ಅಂತ ಕಲಿಯುವುದಕ್ಕೆ.

ನಮ್ಮ ಕಣ್ಣೆದುರಿನ ತೆಯ್ಯಂ ನೋಡಿ. ಕೋಲ ಕಟ್ಟುವವನು ವ್ರತ ಹಿಡಿಯುತ್ತಾನೆ, ಮುಖಕ್ಕೆ ಬಣ್ಣ ಬರೆಸಿಕೊಳ್ಳುತ್ತಾನೆ, ತಲೆಗೆ ಮುಡಿ ಇಟ್ಟು ಕನ್ನಡಿಯಲ್ಲಿ ತನ್ನ ಮುಖ ನೋಡುತ್ತಾನೆ. ಅಲ್ಲಿಂದ ಅವನು ದೈವ. ಕೊನೆಗೆ ಮುಡಿ ಇಳಿಸಿದರೆ ಮತ್ತೆ ನಮ್ಮಂತೆ ಮನುಷ್ಯ, ನಾಳೆ ಕೂಲಿಗೆ ಹೋಗಬೇಕು. ಒಳಗೆ ಹೋಗಲು ಕನ್ನಡಿ, ಹೊರಗೆ ಬರಲು ಮುಡಿ ಇಳಿಸುವುದು, ಎರಡು ಬಾಗಿಲೂ ಇವೆ. ಕಲಿಸುವ ಹಿರಿಯರು ಇದ್ದಾರೆ, ಕಾಲ ಗೊತ್ತುಮಾಡಿದೆ. ಮನಸ್ಸನ್ನು ಬೇರೆ ಕಡೆ ಕರೆದುಕೊಂಡು ಹೋಗುವ ಯಾವ ವಿದ್ಯೆಗೂ ಹಳಬರು ಹೀಗೆ ಒಂದು ಬೇಲಿ ಹಾಕಿದ್ದಾರೆ. ಮೊಬೈಲಿನಲ್ಲಿ ಕಲಿಯುವ ವಿದ್ಯೆಗೆ ಈ ಬೇಲಿ ಇಲ್ಲ. ನನಗೆ ಹೆದರಿಕೆ ವಿದ್ಯೆಯದ್ದಲ್ಲ, ಬೇಲಿ ಇಲ್ಲದ್ದು.

ಇನ್ನು ಹುಡುಗ ಕೇಳಿದ ಪ್ರಶ್ನೆ. ಮನಸ್ಸಿನ ಮೇಲೆ ಶಾಶ್ವತವಾಗಿ ಗುರುತು ಉಳಿಯುತ್ತದಾ?

ಉಳಿಯದೆ ಏನು? ಕಲಿತದ್ದೆಲ್ಲ ಉಳಿಯುತ್ತದೆ. ನಮ್ಮ ಮನೆಮಾತು ಕನ್ನಡ. ಶಾಲೆ, ಅಂಗಡಿ, ವಿಲೇಜ್ ಆಫೀಸು ಎಲ್ಲ ಮಲಯಾಳ. ಮಲಯಾಳ ಕಲಿತ ಮೇಲೆ ನಮ್ಮ ಮನಸ್ಸು ಮೊದಲಿನ ಹಾಗೆ ಉಳಿಯಿತಾ? ಇಲ್ಲ. ಕನಸಿನಲ್ಲಿ ಅವ್ವ ಬಂದರೆ ಕನ್ನಡ ಮಾತಾಡುತ್ತಾಳೆ, ಆಫೀಸಿನವರು ಬಂದರೆ ಮಲಯಾಳ ಮಾತಾಡುತ್ತಾರೆ. ನಿದ್ದೆಯ ಒಳಗೂ ಆ ಕಲಿಕೆ ಹೋಗಿ ಕೂತಿದೆ. ಹಾಗಂತ ಯಾರೂ ಮಲಯಾಳ ಕಲಿತು ಮನಸ್ಸು ಕೆಟ್ಟಿತು ಅನ್ನುವುದಿಲ್ಲ. ಆದ್ದರಿಂದ ಬದಲಾವಣೆ ಬೇರೆ, ಕೇಡು ಬೇರೆ. ಮನಸ್ಸು ಬದಲಾಗುತ್ತದೆ ಅಂತ ಕೇಳಿದ ಕೂಡಲೇ ಹೆದರಬಾರದು. ಯಾವ ಕಡೆಗೆ ಬದಲಾಗುತ್ತದೆ ಅಂತ ಕೇಳಬೇಕು.

ಪದ ಹಾಡುವವನಾಗಿ ಇನ್ನೊಂದು ಹೇಳುತ್ತೇನೆ. ಚಿಕ್ಕಂದಿನಲ್ಲಿ ಕಲಿತ ಎಷ್ಟೋ ಪದ ಈಗ ಮರೆತಿದೆ. ಮರೆತಿದೆ ಅಂತಲೇ ತಿಳಿದಿರುತ್ತೇನೆ. ಯಾರೋ ಒಬ್ಬರು ಮೊದಲ ಸೊಲ್ಲು ಎತ್ತಿದರೆ ಸಾಕು, ಮುಂದಿನದು ತಾನಾಗಿ ಬಾಯಿಗೆ ಬರುತ್ತದೆ. ಕಾಡಿನ ಕಾಲುದಾರಿ ಹಾಗೇ. ನಡೆಯುವುದು ನಿಂತರೆ ಎರಡು ಮಳೆಗಾಲಕ್ಕೆ ಹುಲ್ಲು ಮುಚ್ಚುತ್ತದೆ, ಕೆಳಗೆ ದಾರಿ ಇದ್ದೇ ಇರುತ್ತದೆ. ಎಚ್ಚರದ ಕನಸೂ ಒಂದು ಕಲಿಕೆಯಾದ್ದರಿಂದ ಅದಕ್ಕೂ ಇದೇ ಕ್ರಮ ಅನ್ನುವುದು ನನ್ನ ತಿಳುವಳಿಕೆ. ಪೂರ್ತಿ ಅಳಿಯುವುದೂ ಇಲ್ಲ, ಬಿಟ್ಟರೆ ಮೇಲೆದ್ದು ಕಾಡುವುದೂ ಇಲ್ಲ.

ನಿದ್ದೆ ಕೆಡಿಸುವ ಅಭ್ಯಾಸದ ಮಾತು ಬೇರೆ. ಭತ್ತ ತೆನೆ ಕಟ್ಟುವ ಕಾಲದಲ್ಲಿ ಆನೆ, ಹಂದಿ ಕಾಯಲು ಅಟ್ಟಣೆಯ ಮೇಲೆ ರಾತ್ರಿ ಮಲಗುತ್ತೇವಲ್ಲ. ಮಲಯಾಳದಲ್ಲಿ ಏರುಮಾಡಂ ಅನ್ನುತ್ತಾರೆ. ಅಲ್ಲಿ ದೇಹ ಮಲಗುತ್ತದೆ, ಕಿವಿ ಮಲಗುವುದಿಲ್ಲ. ಕೊಯ್ಲು ಮುಗಿಸಿ ಮನೆಗೆ ಬಂದ ಮೇಲೂ ಕೆಲವು ವಾರ ಒಂದು ಎಲೆ ಅಲುಗಿದರೆ ಎದ್ದು ಕೂರುತ್ತೇವೆ. ಹಗಲು ಸಿಡುಕು ಬರುತ್ತದೆ, ಮಾತು ಮರೆಯುತ್ತದೆ. ಆಮೇಲೆ ಮೆಲ್ಲಗೆ ಸರಿಹೋಗುತ್ತದೆ. ಕಾವಲು ಕಾದವರೆಲ್ಲರಿಗೂ ಇದು ಗೊತ್ತು.

ಎಚ್ಚರದ ಕನಸು ಕಲಿಯುವವರು ಮಾಡುವುದೂ ಸ್ವಲ್ಪ ಇದೇ. ಎದ್ದ ಕೂಡಲೇ ಕನಸು ಬರೆದಿಡುವುದು, ಇದರಲ್ಲಿ ತೊಂದರೆ ಇಲ್ಲ. ಐದು ಗಂಟೆ ನಿದ್ದೆಯಾದ ಮೇಲೆ ಅಲಾರಂ ಇಟ್ಟು ಎದ್ದು, ಸ್ವಲ್ಪ ಹೊತ್ತು ಕೂತು, ಸಂಕಲ್ಪ ಮಾಡಿ ಮತ್ತೆ ಮಲಗುವುದು, ಇದು ನಿದ್ದೆ ಮುರಿಯುವ ಕೆಲಸ. ಎದ್ದರೂ ಮೈ ಅಲುಗದೆ, ಎದೆಯ ಮೇಲೆ ಯಾರೋ ಕೂತು ಅಮುಕಿದ ಹಾಗೆ ಆಗುವುದು ನಮ್ಮಲ್ಲಿ ಕೆಲವರಿಗೆ ಗೊತ್ತು. ನಿದ್ದೆ ಹೀಗೆ ತುಂಡಾದಾಗ ಅದು ಹೆಚ್ಚು ಬರುತ್ತದೆ. ಮೂರನೆಯದು, ಹಗಲೆಲ್ಲ ಕೈಬೆರಳು ಎಣಿಸಿ 'ಈಗ ನಾನು ಎಚ್ಚರವೋ, ಕನಸೋ' ಅಂತ ಕೇಳಿಕೊಳ್ಳುವುದು. ಹಗಲು ರೂಢಿಯಾದರೆ ಕನಸಿನಲ್ಲೂ ಕೇಳುತ್ತೀರಿ, ಆಗ ಗೊತ್ತಾಗುತ್ತದೆ ಅನ್ನುವ ಉಪಾಯ. ಗಟ್ಟಿ ಮನಸ್ಸಿನವನಿಗೆ ಇದು ಆಟ. ಮೊದಲೇ ತನ್ನ ಮೇಲೆ ತನಗೆ ನಂಬಿಕೆ ಸಡಿಲವಾಗಿರುವ ಮಗುವಿಗೆ, ನೆಲವನ್ನೇ ದಿನಾ ಅಲುಗಾಡಿಸಿ ನೋಡಿದ ಹಾಗೆ.

ಸಂಶೋಧನೆಯೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. 2018ರಲ್ಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳನ್ನು ವಿಚಾರಿಸಿದರು. ಎಚ್ಚರದ ಕನಸು ಮತ್ತೆ ಮತ್ತೆ ಬೀಳುವುದಕ್ಕೂ ಮನೋರೋಗಕ್ಕೂ ಸಂಬಂಧ ಕಾಣಲಿಲ್ಲ. ಬೇಕೆಂದೇ ಉಪಾಯ ಮಾಡಿ ಅದನ್ನು ತರಿಸಿಕೊಳ್ಳಲು ಹೊರಟವರಲ್ಲಿ, ಎರಡು ತಿಂಗಳು ಕಳೆದು ನೋಡಿದಾಗ, ತಾನು ತನ್ನಿಂದ ದೂರ ನಿಂತ ಹಾಗೆ, ಸುತ್ತಲಿನದು ನಿಜವಲ್ಲ ಅನ್ನಿಸುವ ಹಾಗೆ ಆಗುವ ಲಕ್ಷಣ ಹೆಚ್ಚಿತ್ತು. ಇದು ಎರಡು ತಿಂಗಳ ಮಾತು, ಇಡೀ ಬದುಕಿನ ಮಾತಲ್ಲ. 2015ರಲ್ಲಿ ಬರ್ಲಿನ್ನಿನಲ್ಲಿ, ಇಂಥ ಕನಸು ಹೆಚ್ಚು ಕಾಣುವವರ ಮೆದುಳಿನ ಮುಂಭಾಗದ ಒಂದು ಕಡೆ ಸ್ವಲ್ಪ ದೊಡ್ಡದಾಗಿದೆ ಅಂತ ಕಂಡರು. ಕನಸಿನಿಂದ ಅದು ದೊಡ್ಡದಾಯಿತೋ, ಮೊದಲೇ ದೊಡ್ಡದಿದ್ದುದರಿಂದ ಕನಸು ಹೀಗೆ ಬಂತೋ, ಅಷ್ಟರಿಂದ ತೀರ್ಮಾನ ಆಗುವುದಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು 2006ರಲ್ಲಿ ವಿಪಶ್ಯನ ಧ್ಯಾನ ಮಾಡುವವರ ನಿದ್ದೆ ಪರೀಕ್ಷಿಸಿದರು. ವಯಸ್ಸಾದ ಹಾಗೆ ಎಲ್ಲರಿಗೂ ಗಾಢನಿದ್ದೆ ಕಡಿಮೆಯಾಗುತ್ತದೆ, ಧ್ಯಾನಿಗಳಲ್ಲಿ ಅದು ಅಷ್ಟು ಕಡಿಮೆಯಾಗಿರಲಿಲ್ಲ. ಅಂದರೆ ಅಭ್ಯಾಸ ನಿದ್ದೆಯನ್ನು ಬದಲಿಸುವುದು ನಿಜ, ಒಳ್ಳೆಯ ಕಡೆಗೂ ಬದಲಿಸಬಹುದು.

ಇಷ್ಟು ಎಚ್ಚರದ ವಿಷಯ. ಈಗ ಆಳುವ ವಿಷಯಕ್ಕೆ ಬರುತ್ತೇನೆ. ನನಗೆ ದೊಡ್ಡ ಪ್ರಶ್ನೆ ಇದೇ.

ನಮ್ಮ ವಯನಾಡಿನಲ್ಲಿ ಜೈನರ ಬಸದಿಗಳಿವೆ, ಬತ್ತೇರಿಯದ್ದು ಎಲ್ಲರಿಗೂ ಗೊತ್ತು. ಅವರ ಹಿರಿಯರು ಹೇಳುವ ಕಥೆ ಒಂದಿದೆ. ಚಂದ್ರಗುಪ್ತ ರಾಜನಿಗೆ ಒಂದು ರಾತ್ರಿ ಹದಿನಾರು ಕನಸು ಬಿದ್ದವು. ಅದರಲ್ಲಿ ಹನ್ನೆರಡು ಹೆಡೆಯ ಹಾವೂ ಒಂದು. ಭದ್ರಬಾಹು ಮುನಿಗಳು ಅದರ ಅರ್ಥ ಹೇಳಿದರು: ಹನ್ನೆರಡು ವರ್ಷ ಬರಗಾಲ ಬರುತ್ತದೆ. ರಾಜ ರಾಜ್ಯ ಬಿಟ್ಟು ಮುನಿಗಳ ಹಿಂದೆ ದಕ್ಷಿಣಕ್ಕೆ ಬಂದ, ಶ್ರವಣಬೆಳಗೊಳದಲ್ಲಿ ದೇಹ ಬಿಟ್ಟ. ಅಲ್ಲಿನ ಚಂದ್ರಗಿರಿ ಬೆಟ್ಟದ ಚಂದ್ರಗುಪ್ತ ಬಸದಿಯಲ್ಲಿ ಕಲ್ಲಿನ ಜಾಲಂಧ್ರದ ಮೇಲೆ ಇವರ ಕಥೆ ಕೆತ್ತಿದ್ದಾರೆ. ಈಗ ಯೋಚನೆ ಮಾಡಿ. ಆ ರಾಜ ಕನಸು ಆಳುವ ವಿದ್ಯೆ ಕಲಿತಿದ್ದರೆ? ಹಾವು ಕಂಡ ಕೂಡಲೇ 'ಇದು ಕನಸು' ಅಂತ ಅದನ್ನು ಹೂವಿನ ಹಾರ ಮಾಡಿಕೊಂಡು ಸುಖವಾಗಿ ನಿದ್ದೆ ಮಾಡುತ್ತಿದ್ದ. ಬರಗಾಲ ಮಾತ್ರ ಬಂದೇ ಬರುತ್ತಿತ್ತು.

ಕಥೆಯನ್ನು ಇತಿಹಾಸ ಅಂತ ನಂಬಿ ಅಂತ ನಾನು ಹೇಳುವುದಿಲ್ಲ. ಕನಸಿನಲ್ಲಿ ನಾಳೆಯ ಸುದ್ದಿ ಇರುತ್ತದೆ ಅಂತಲೂ ಅಲ್ಲ. ಆದರೆ ಹಗಲಿನಲ್ಲಿ ನಾವು ಕೇಳಿಸಿಕೊಳ್ಳದ ನಮ್ಮದೇ ಮಾತು ಅದರಲ್ಲಿ ಇರುತ್ತದೆ. ಸಾಲದ ಚಿಂತೆ, ತಮ್ಮನ ಜತೆ ಮಾತು ಬಿಟ್ಟ ನೋವು, ಮೈಯೊಳಗಿನ ಕಾಯಿಲೆ. ಎಲ್ಲ ಕಡೆ ನಮ್ಮ ಮಾತೇ ನಡೆಯಬೇಕು ಅನ್ನುವವನಿಗೆ ಮನೆಯಲ್ಲಿ ಹೆಂಡತಿ ಮಕ್ಕಳು ಏನೂ ಹೇಳುವುದಿಲ್ಲ. ಹೇಳಿ ಪ್ರಯೋಜನ ಇಲ್ಲ ಅಂತ ಸುಮ್ಮನಾಗುತ್ತಾರೆ. ಕನಸೂ ಹಾಗೆ ಸುಮ್ಮನಾದರೆ ಏನು ಗತಿ? ದಿನಾ ರಾತ್ರಿ ಕೇಳಿದ್ದೆಲ್ಲ ಸಿಗುವ ಲೋಕದಲ್ಲಿ ರಾಜನಾಗಿದ್ದು ಬೆಳಿಗ್ಗೆ ಎದ್ದವನಿಗೆ, ಮಳೆ ಕೊಡದ ಆಕಾಶ, ಬೆಲೆ ಬಾರದ ಮೆಣಸು, ಒಪ್ಪದ ಅಣ್ಣತಮ್ಮಂದಿರು ಇರುವ ಈ ಲೋಕ ಸಹಿಸಲು ಆಗುತ್ತದಾ? ಶಾಶ್ವತವಾಗಿ ಉಳಿಯುವುದು ಏನಾದರೂ ಇದ್ದರೆ ಈ ಗುಣವೇ ಅಂತ ನನ್ನ ಅಂಜಿಕೆ.

ನಮ್ಮ ಕಡೆ ಒಬ್ಬ ಅಜ್ಜಿಗೆ ತೀರಿಹೋದ ಯಜಮಾನರು ಆಗಾಗ ಕನಸಿನಲ್ಲಿ ಬರುತ್ತಾರೆ. ಬಂದು ಜಗಲಿಯಲ್ಲಿ ಕೂರುತ್ತಾರೆ, ಊಟ ಕೇಳುತ್ತಾರೆ. ಈ ವಿದ್ಯೆಯ ಸುದ್ದಿ ಹೇಳಿ 'ಕಲೀತೀಯಾ ಅಜ್ಜಿ?' ಅಂದದ್ದಕ್ಕೆ ಅವಳು ಅಂದಳು: "ಬ್ಯಾಡ ಕಣಪ್ಪ. ಇದು ಕನಸು ಅಂತ ಗೊತ್ತಾಗ್ಬುಟ್ರೆ ಅವ್ರಿಗೆ ಅನ್ನ ಇಕ್ಕಕ್ಕೆ ಕೈ ಬತ್ತದಾ?" ಅವಳಿಗೆ ಆ ಅರೆಗಳಿಗೆ ಗಂಡ ಬದುಕಿರುವುದು ಬೇಕು. ತಿಳಿಯುವುದು ಯಾವಾಗಲೂ ಲಾಭವೇ ಅಂತ ಪುಸ್ತಕ ಓದಿದವರು ನಂಬುತ್ತೇವೆ. ಅಜ್ಜಿಯ ಮಾತು ಕೇಳಿದ ಮೇಲೆ ನಾನು ಅದನ್ನು ಅಷ್ಟು ಜೋರಾಗಿ ಹೇಳುವುದಿಲ್ಲ.

ಆದರೆ ಇದರ ಎದುರು ಪಕ್ಷವೂ ಇದೆ. ಅದನ್ನು ಹೇಳದೆ ಹೋದರೆ ನಾನು ವಯನಾಡಿನವನಲ್ಲ. 2024ರ ಜುಲೈ 30ರಂದು ನಡುರಾತ್ರಿ ಕಳೆದು, ಜನ ಮಲಗಿದ್ದಾಗ, ಮುಂಡಕ್ಕೈ, ಚೂರಲ್ಮಲದ ಮೇಲೆ ಗುಡ್ಡ ಜರಿದು ಬಂತು. 250ಕ್ಕೂ ಹೆಚ್ಚು ಜನ ಹೋದರು. ಚಾಲಿಯಾರ್ ಹೊಳೆಯಲ್ಲಿ ನಿಲಂಬೂರಿನವರೆಗೆ ದೇಹಗಳು ತೇಲಿಹೋದವು. ಅಂಥ ರಾತ್ರಿ ದಾಟಿ ಬಂದವರಿಗೆ ಮಲಗುವುದೇ ಭಯ. ಮಾಡಿಗೆ ಮಳೆ ಬಡಿದರೆ ಮತ್ತೆ ಅದೇ ಸದ್ದು, ಅದೇ ಕೆಸರು, ಜಾರಿಹೋಗುವ ಅದೇ ಕೈ. ಇಂಥ ಕನಸು ನಮಗೆ ಬುದ್ಧಿ ಹೇಳಲು ಬಂದದ್ದಲ್ಲ. ಅದು ಗಾಯ. ಹೊಸದೇನೂ ಹೇಳದೆ ದಿನಾ ಹೊಡೆಯುತ್ತದೆ. ಅಲ್ಲಿ 'ಕನಸನ್ನು ಬಿದ್ದ ಹಾಗೇ ಬಿಡಿ' ಅಂತ ನಾನು ಹೇಳಿದರೆ ಅದು ಕ್ರೂರತನ. ಮತ್ತೆ ಮತ್ತೆ ಬರುವ ಕೆಟ್ಟ ಕನಸಿಗೆ ವೈದ್ಯರು ಮಾಡಿಸುವ ಒಂದು ಅಭ್ಯಾಸ ಇದೆ. ಹಗಲು ಎಚ್ಚರದಲ್ಲಿ ಕೂತು ಆ ಕನಸಿಗೆ ಬೇರೆ ಕೊನೆ ಬರೆದು, ಅದನ್ನೇ ಮನಸ್ಸಿನಲ್ಲಿ ತಿರುತಿರುಗಿ ನೋಡುವುದು. ಎಚ್ಚರದ ಕನಸನ್ನೂ ಕೆಲವರು ಇದಕ್ಕೆ ಬಳಸುತ್ತಾರೆ. ಕನಸಿನ ನೀರಿನ ಎದುರು ನಿಂತು 'ನೀನು ನೀರಲ್ಲ, ನೆನಪು' ಅನ್ನಲು ಒಬ್ಬ ತಾಯಿಗೆ ಆದರೆ, ಆ ಗುರುತು ಅವಳಲ್ಲಿ ಬದುಕಿನ ಕೊನೆಯವರೆಗೆ ಉಳಿಯಲಿ. ಅಂಥ ಶಾಶ್ವತ ಗುಣ ಬೇಡ ಅನ್ನುವವರು ಯಾರು?

ಹಾಗಾಗಿ ಹುಡುಗನಿಗೆ ನನ್ನ ಉತ್ತರ ಇದು. ತಾನಾಗಿ ಕನಸಿನಲ್ಲಿ ಎಚ್ಚರವಾಯಿತಾ, ಹೆದರಬೇಡ, ಸುತ್ತ ನೋಡು. ಅದರಿಂದ ಮನಸ್ಸು ಹಾಳಾಗುವುದಿಲ್ಲ. ಕಲಿಯಬೇಕು ಅನ್ನಿಸಿದರೆ ಕನಸು ಬರೆದಿಡುವುದಕ್ಕೆ ನಿಲ್ಲಿಸು. ಬೆಳೆಯುವ ವಯಸ್ಸಿನಲ್ಲಿ, ಪರೀಕ್ಷೆಯ ಕಾಲದಲ್ಲಿ, ಅಲಾರಂ ಇಟ್ಟು ನಿದ್ದೆ ಕಡಿಯಬೇಡ. ಎದ್ದಿರುವಾಗಲೂ ಇದು ನಿಜವೋ ಅಲ್ಲವೋ ಅನ್ನಿಸಲು ಶುರುವಾದರೆ, ಇಲ್ಲದ ದನಿ ಕೇಳಿಸಿದರೆ, ಮನೆತನದಲ್ಲಿ ಅಂಥ ಕಾಯಿಲೆ ಇದ್ದರೆ, ಆ ದಾರಿ ನಿನಗಲ್ಲ, ಬಿಡು. ಮನೆಯವರಿಗೆ ಹೇಳು, ಡಾಕ್ಟರಿಗೆ ಹೇಳು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಕಾಸಿಲ್ಲದೆ ಮಾತಾಡುತ್ತಾರೆ, ಬೇಕಾದ ಭಾಷೆ ಆರಿಸಿಕೊಳ್ಳಬಹುದು. ಕೆಟ್ಟ ಕನಸು ದಿನಾ ಹೊಡೆಯುತ್ತಿದ್ದರೆ ಅದರ ವಿದ್ಯೆಯನ್ನು ಬಲ್ಲವರ ಹತ್ತಿರವೇ ಕಲಿ.

ಮೇಷ್ಟ್ರುಗಳಿಗೆ ಒಂದು ಮಾತು. ಮಕ್ಕಳು ಇಂಥದ್ದು ಕೇಳಿದಾಗ ನಕ್ಕು ಬಿಡಬೇಡಿ, ಗದರಿಸಲೂ ಬೇಡಿ. 'ನಿನ್ನೆ ಏನು ಕನಸು ಬಿತ್ತು?' ಅಂತ ಕೇಳಿ. ಒಂದು ಕಾಲದಲ್ಲಿ ಒಲೆ ಮುಂದೆ ಕೂತು ಮನೆಯವರೆಲ್ಲ ಕನಸು ಹೇಳಿಕೊಳ್ಳುತ್ತಿದ್ದರು, ಅಜ್ಜಿ ಅದಕ್ಕೆ ಒಂದು ಅರ್ಥ ಕಟ್ಟುತ್ತಿದ್ದಳು. ಅರ್ಥ ಸರಿಯೋ ತಪ್ಪೋ, ಕೇಳುವವರು ಇದ್ದರು. ಕೇಳುವವರು ಇದ್ದ ಮಗುವಿಗೆ ಕನಸನ್ನು ಒಬ್ಬನೇ ಕೂತು ಆಳಬೇಕು ಅನ್ನುವ ಹಟ ಅಷ್ಟಾಗಿ ಬರಲಾರದು.